ಆಶ್ರಯದ ಬೆಲೆ: ಕೆಳದಿಯ ಚೆನ್ನಮ್ಮಾಜಿ ಮತ್ತು ನೆರೆನಾಡಿಗೆ ಬಂದ ದೇಶಭ್ರಷ್ಟರು





‘ಶರಣ’ ಎಂಬ ಪದವನ್ನು ನಾವು ದಿನಕ್ಕೆ ಹಲವು ಬಾರಿ ಉಚ್ಚರಿಸುತ್ತೇವೆ. ಮೂಲದಲ್ಲಿ ಆ ಪದಕ್ಕೆ ಆಸರೆ, ಮನೆ, ಕಾಪಾಡುವವನು ಎಂಬ ಅರ್ಥಗಳಿವೆ. ನಮ್ಮ ಪರಂಪರೆಯಲ್ಲಿ ಅದು ಶಿವನಿಗೆ ತನ್ನನ್ನು ಒಪ್ಪಿಸಿಕೊಂಡವನ ಹೆಸರಾಯಿತು. ಹೀಗೆ ಆಸರೆಯನ್ನು ಬೇಡುವವನೂ ಆಸರೆಯನ್ನು ನೀಡುವವನೂ ಒಂದೇ ಪದದೊಳಗೆ ನೆಲೆಸಿದ್ದಾರೆ. ಬಾಗಿಲಿಗೆ ಬಂದವನ ಕುಲಗೋತ್ರಗಳನ್ನು ಕೆದಕದೆ ಅವನನ್ನು ತನ್ನವನೆಂದು ಭಾವಿಸಬೇಕೆಂಬ ಬಸವಣ್ಣನವರ ಬೋಧೆಯ ಹಿಂದೆಯೂ ಇದೇ ಅರಿವು ಇದೆ.

ಈ ಅರಿವು ಶರಣರಿಗೆ ಕೇವಲ ತತ್ತ್ವವಾಗಿರಲಿಲ್ಲ, ಅನುಭವವಾಗಿತ್ತು. ಹನ್ನೆರಡನೆಯ ಶತಮಾನದ ಏಳನೆಯ ದಶಕದ ಕೊನೆಯಲ್ಲಿ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ, ಹರಳಯ್ಯ ಮಧುವಯ್ಯಗಳಿಗೆ ಘೋರ ಶಿಕ್ಷೆಯಾದ ಮೇಲೆ, ಬಿಜ್ಜಳನ ರಾಜಧಾನಿಯಲ್ಲಿ ಶರಣರಿಗೆ ನೆಲೆಯಿಲ್ಲದಾಯಿತು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣಗಣವು ಸೈನ್ಯದ ಬೆನ್ನಟ್ಟುವಿಕೆಯನ್ನು ಎದುರಿಸುತ್ತ ಪಶ್ಚಿಮದ ಕಾಡುಗಳ ನಡುವಿನ ಉಳವಿಗೆ ತೆರಳಿತೆಂದು ಪರಂಪರೆ ಹೇಳುತ್ತದೆ. ಅರಸನೊಡನೆ ಭಿನ್ನಮತ ತಳೆದವರು ಊರು ಬಿಡಬೇಕಾಗಿ ಬಂದದ್ದು, ವಚನದ ಕಟ್ಟುಗಳನ್ನು ಹೊತ್ತು ನಡೆದದ್ದು, ದಾರಿಯ ಹಳ್ಳಿಗಳು ಅವರಿಗೆ ಅನ್ನ ನೀರು ಕೊಟ್ಟದ್ದು ನಮ್ಮ ಧರ್ಮದ ಸ್ಮೃತಿಯ ತಳಪಾಯವೇ ಆಗಿದೆ. ಆ ಹಳ್ಳಿಗಳು ಬಾಗಿಲು ಮುಚ್ಚಿದ್ದರೆ ವಚನಗಳು ನಮ್ಮವರೆಗೆ ಬರುತ್ತಿರಲಿಲ್ಲ.

ಆದುದರಿಂದ ಒಂದು ನಾಡಿನ ಪ್ರಭುತ್ವಕ್ಕೆ ಬೇಡವಾದವರನ್ನು ನೆರೆಯ ನಾಡುಗಳು ಹೇಗೆ ನಡೆಸಿಕೊಂಡವೆಂಬುದು ನಮಗೆ ದೂರದ ವಿಷಯವಲ್ಲ. ಈ ಪ್ರಶ್ನೆಗೆ ಕನ್ನಡ ನಾಡಿನ ಚರಿತ್ರೆಯಲ್ಲಿ ಒಂದು ಉಜ್ವಲ ಉತ್ತರವಿದೆ. ಅದು 1689ರಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿ ನೀಡಿದ ಉತ್ತರ. ಅದೇ ವರ್ಷ ಬೆಂಗಳೂರಿನಲ್ಲಿ ದೊರೆತ ಮತ್ತೊಂದು ಉತ್ತರವೂ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಆಶ್ರಯಧರ್ಮದ ನಿಜವಾದ ತೂಕ ತಿಳಿಯುತ್ತದೆ.

ನಮ್ಮ ಸೀಮೆಯ ವಲಸಿಗರು

ಮೊದಲು ನಮ್ಮ ಸೀಮೆಯ ಕಥೆಯನ್ನೇ ನೆನೆಯೋಣ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿ ಆವತಿ ಎಂಬ ಊರಿದೆ. ಕಂಚಿಯ ಕಡೆಯಿಂದ ಮೊರಸು ಒಕ್ಕಲಿಗರ ಏಳು ಕುಟುಂಬಗಳು ಬಂಡಿಗಳಲ್ಲಿ ಇಲ್ಲಿಗೆ ಬಂದವೆಂದು ಐತಿಹ್ಯವಿದೆ. ಅಲ್ಲಿನ ಬಲಿಷ್ಠ ಪಾಳೆಯಗಾರನೊಬ್ಬನು ರಣಭೈರೇಗೌಡನ ಮಗಳು ದೊಡ್ಡಮ್ಮನನ್ನು ಬಲವಂತದಿಂದ ಮದುವೆಯಾಗಲು ಬಯಸಿದನು. ಒಲ್ಲೆನೆಂದವರಿಗೆ ಊರಲ್ಲಿ ಉಳಿವಿರಲಿಲ್ಲ. ರಾತ್ರೋರಾತ್ರಿ ಹೊರಟವರಿಗೆ ತುಂಬಿ ಹರಿಯುವ ಪಾಲಾರ್ ನದಿ ಅಡ್ಡವಾಯಿತಂತೆ. ದೊಡ್ಡಮ್ಮ ತನ್ನ ಕಿವಿಯ ಓಲೆಯನ್ನು ಗಂಗೆಗೆ ಅರ್ಪಿಸಲು ನದಿಯು ದಾರಿ ಬಿಟ್ಟಿತಂತೆ. ಕಥೆಯಲ್ಲಿ ಪವಾಡದ ಅಂಶ ಎಷ್ಟೇ ಇರಲಿ, ಮುಂದಿನದು ಚರಿತ್ರೆ. ಈ ವಂಶದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪ್ರಭುಗಳೂ ಇದೇ ಆವತಿಯ ಬೇರಿನಿಂದ ಬಂದವರು. ಅಧಿಕಾರದ ಬಲಾತ್ಕಾರವನ್ನು ಒಲ್ಲದೆ ಓಡಿ ಬಂದವರಿಗೆ ಈ ಮಣ್ಣು ಆಸರೆ ಕೊಟ್ಟಿತು. ಬಂದವರು ಕೆರೆ ಕಟ್ಟಿದರು, ಪೇಟೆ ಕಟ್ಟಿದರು, ನಾಡನ್ನೇ ಕಟ್ಟಿದರು.

ಇದೇ ಸೀಮೆಗೆ ಇನ್ನೊಬ್ಬ ಅನ್ಯನಾಡಿನವನೂ ಬಂದನು. ಅಹಮದನಗರದ ನಿಜಾಮಶಾಹಿಯನ್ನು ಉಳಿಸಿಕೊಳ್ಳಲು ಕೊನೆಯವರೆಗೆ ಹೋರಾಡಿದ ಶಹಾಜಿ ಭೋಂಸಲೆಯು 1636ರಲ್ಲಿ ಮೊಗಲರಿಗೂ ವಿಜಾಪುರದವರಿಗೂ ಆದ ಒಪ್ಪಂದದ ಫಲವಾಗಿ ತನ್ನ ನಾಡಿನಿಂದ ದೂರ ದಕ್ಷಿಣಕ್ಕೆ ಬರಬೇಕಾಯಿತು. ವಿಜಾಪುರದ ಸೇನಾಪತಿ ರಣದುಲ್ಲಾಖಾನನು 1638ರಲ್ಲಿ ಕೆಂಪೇಗೌಡನ ವಂಶದವರಿಂದ ಬೆಂಗಳೂರನ್ನು ಗೆದ್ದ ಮೇಲೆ ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರ, ಶಿರಾ ಪ್ರದೇಶಗಳು ಶಹಾಜಿಯ ಜಹಗೀರಾದವು. ಆತನು ಮತ್ತೆ ತನ್ನ ನಾಡಿಗೆ ಮರಳಿ ನೆಲೆಸಲಿಲ್ಲ. 1664ರಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ತೀರಿಕೊಂಡ ಆತನ ಸಮಾಧಿಯು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ. ಆತನ ಮಗ ಶಿವಾಜಿ. ಶಿವಾಜಿಯ ಕಿರಿಯ ಮಗನೇ ನಮ್ಮ ಈ ಲೇಖನದ ದೇಶಭ್ರಷ್ಟನಾದ ರಾಜಾರಾಮ.

ಹತ್ತೊಂಬತ್ತರ ಹರೆಯದ ಅರಸ

1689ರ ಫೆಬ್ರವರಿಯಲ್ಲಿ ಸಂಗಮೇಶ್ವರದ ಬಳಿ ಮರಾಠರ ಅರಸ ಸಂಭಾಜಿಯು ಮೊಗಲರ ಸೆರೆಯಾದನು. ಮಾರ್ಚಿಯಲ್ಲಿ ಔರಂಗಜೇಬನ ಆಜ್ಞೆಯಂತೆ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಲ್ಲಲಾಯಿತು. ವಿಜಾಪುರವು 1686ರಲ್ಲಿ, ಗೋಲಕೊಂಡೆಯು 1687ರಲ್ಲಿ ಮೊಗಲರ ವಶವಾಗಿದ್ದವು. ದಕ್ಷಿಣದಲ್ಲಿ ಬಾದಶಹನ ಮಾತಿಗೆ ಎದುರಾಡುವ ದೊಡ್ಡ ಶಕ್ತಿ ಯಾವುದೂ ಉಳಿದಿರಲಿಲ್ಲ. ಅಂತಹ ಹೊತ್ತಿನಲ್ಲಿ ರಾಯಗಡದಲ್ಲಿ ಪಟ್ಟವೇರಿದ ರಾಜಾರಾಮನಿಗೆ ಹತ್ತೊಂಬತ್ತು ವರ್ಷ. ಏಪ್ರಿಲಿನಲ್ಲಿ ಅವನು ರಾಯಗಡವನ್ನು ಬಿಟ್ಟು ಪ್ರತಾಪಗಡಕ್ಕೂ ಅಲ್ಲಿಂದ ಪನ್ಹಾಳಕ್ಕೂ ಬಂದನು. ಸೆಪ್ಟೆಂಬರ್ ಕೊನೆಯಲ್ಲಿ ಮಾರುವೇಷದಲ್ಲಿ ಪನ್ಹಾಳದಿಂದ ಹೊರಟನು. ಗುರಿ ತಮಿಳು ನಾಡಿನ ಜಿಂಜಿ ಕೋಟೆ. ಅವನ ತಂದೆ ಶಿವಾಜಿ 1677ರಲ್ಲಿ ಗೆದ್ದುಕೊಂಡಿದ್ದ ಕೋಟೆ ಅದು. ಇತ್ತ ರಾಯಗಡವು ಅದೇ ವರ್ಷ ಮೊಗಲರ ವಶವಾಗಿ, ಸಂಭಾಜಿಯ ಪತ್ನಿ ಯೇಸೂಬಾಯಿಯೂ ಬಾಲಕ ಶಾಹುವೂ ಸೆರೆಯಾದರು.

ರಾಜಾರಾಮನೂ ಅವನ ಸಂಗಡಿಗರೂ ಯಾತ್ರಿಕರ ವೇಷ ಧರಿಸಿದ್ದರು, ಅದರಲ್ಲಿಯೂ ಲಿಂಗವಂತ ಯಾತ್ರಿಕರ ವೇಷವನ್ನು ಧರಿಸಿದ್ದರು ಎಂದು ಮರಾಠ ವೃತ್ತಾಂತಗಳು ಹೇಳುತ್ತವೆ. ಭಕ್ತರು ಈ ಮಾತನ್ನು ಗಮನಿಸಬೇಕು. ಓಡಿಹೋಗುವವನು ಪ್ರಶ್ನೆಗಳಿಲ್ಲದ ದಾರಿಯನ್ನು ಹುಡುಕುತ್ತಾನೆ. ಕೃಷ್ಣೆಯಿಂದ ತುಂಗಭದ್ರೆಯಾಚೆಗೂ ಊರೂರಿಗೆ ಮಠಗಳಿದ್ದವು, ದಾಸೋಹವಿತ್ತು, ಬಂದ ಯಾತ್ರಿಕನಿಗೆ ಪ್ರಸಾದ ನೀಡಿ ಮಲಗಲು ಜಾಗ ತೋರುವ ಸಂಪ್ರದಾಯವಿತ್ತು. ವಿಭೂತಿ ಧರಿಸಿ ಬಂದವನನ್ನು ‘ನೀನಾವ ಅರಸನ ಪ್ರಜೆ’ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ನಮ್ಮ ಹಿರಿಯರು ದಾಸೋಹದ ಮೂಲಕ ಕಟ್ಟಿದ ನಂಬಿಕೆಯೇ ಒಬ್ಬ ದೇಶಭ್ರಷ್ಟನಿಗೆ ಹೊದಿಕೆಯಾಯಿತು.

ಆದರೆ ಮೊಗಲರ ಗೂಢಚಾರರು ಸುಮ್ಮನಿರಲಿಲ್ಲ. ವಿಜಾಪುರದ ಸುಬೇದಾರ ಸಯ್ಯದ್ ಅಬ್ದುಲ್ಲಾಖಾನನ ಪಡೆಯು ಕೆಳದಿ ರಾಜ್ಯದ ಗಡಿಯ ಬಳಿ, ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ತಂಗಿದ್ದ ಈ ತಂಡವನ್ನು ಮುತ್ತಿತು. ಅನೇಕ ಮರಾಠ ಸರದಾರರು ಸೆರೆ ಸಿಕ್ಕರು. ರಾಜಾರಾಮನು ತಪ್ಪಿಸಿಕೊಂಡು ಕೆಳದಿಯ ನೆಲವನ್ನು ಸೇರಿದನು.

ಕೆಳದಿಯ ಬಾಗಿಲು

ಕೋಟಿಪುರದ ಸಿದ್ದಪ್ಪಶೆಟ್ಟರ ಮಗಳಾದ ಚೆನ್ನಮ್ಮಾಜಿಯು ಪತಿ ಸೋಮಶೇಖರ ನಾಯಕನ ಮರಣಾನಂತರ 1671ರಿಂದ 1697ರವರೆಗೆ ಕೆಳದಿ ಸಂಸ್ಥಾನವನ್ನು ಬಿದನೂರಿನಿಂದ ಆಳಿದಳು. ವೀರಶೈವ ಅರಸೊತ್ತಿಗೆಯಾದ ಕೆಳದಿಯು ಮಠಗಳಿಗೆ ದತ್ತಿ ಬಿಟ್ಟಂತೆಯೇ ಶೃಂಗೇರಿ ಮಠಕ್ಕೂ ಕೊಲ್ಲೂರಿನ ದೇವಾಲಯಕ್ಕೂ ದತ್ತಿ ಬಿಟ್ಟಿತ್ತು. ಗೋವೆಯಿಂದ ಬೇರೆ ಬೇರೆ ಕಾಲಗಳಲ್ಲಿ ತೊಂದರೆಗೊಳಗಾಗಿ ತೆಂಕಣಕ್ಕೆ ಬಂದ ಕೊಂಕಣಿಗರು, ಹಿಂದೂಗಳೂ ಕ್ರೈಸ್ತರೂ, ಕೆಳದಿಯ ಕರಾವಳಿಯಲ್ಲಿ ನೆಲೆ ಕಂಡಿದ್ದರು. ಪೋರ್ಚುಗೀಸರೊಡನೆ 1678ರಲ್ಲಿ ಆದ ಒಪ್ಪಂದದಲ್ಲಿ ಕರಾವಳಿಯ ಊರುಗಳಲ್ಲಿ ಕ್ರೈಸ್ತರು ಇಗರ್ಜಿ ಕಟ್ಟಿಕೊಳ್ಳಲು ಅವಕಾಶವಿತ್ತು. ಅನ್ಯರಿಗೆ ಜಾಗ ಕೊಡುವುದು ಕೆಳದಿಗೆ ಒಂದು ದಿನದ ಔದಾರ್ಯವಾಗಿರದೆ ರಾಜ್ಯದ ನಡಾವಳಿಯಾಗಿತ್ತು.

ಆದರೂ ರಾಜಾರಾಮನ ವಿಷಯ ಬೇರೆ. ಎರಡು ಕಾರಣಗಳಿಂದ ಅವನಿಗೆ ಬಾಗಿಲು ತೆರೆಯುವುದು ಕಷ್ಟವಾಗಿತ್ತು. ಮೊದಲನೆಯದು ಹಳೆಯ ನೋವು. 1665ರ ಫೆಬ್ರವರಿಯಲ್ಲಿ ಇದೇ ಯುವಕನ ತಂದೆ ಶಿವಾಜಿಯು ಹಡಗುಗಳಲ್ಲಿ ಬಂದು ಕೆಳದಿಯ ಸಂಪದ್ಭರಿತ ಬಂದರಾದ ಬಸರೂರನ್ನು ಸೂರೆಮಾಡಿದ್ದನು. ಆಗ ಆಳುತ್ತಿದ್ದವನು ಚೆನ್ನಮ್ಮಾಜಿಯ ಪತಿ. ಎರಡನೆಯದು ಮುಂದಿನ ಅಪಾಯ. ವಿಜಾಪುರ, ಗೋಲಕೊಂಡೆಗಳನ್ನು ನುಂಗಿದ ಸೈನ್ಯವು ಗಡಿಯಲ್ಲಿಯೇ ಇತ್ತು. ಬಂದವನು ಮಿತ್ರನ ಮಗನಲ್ಲ. ಬೆನ್ನಟ್ಟಿ ಬರುತ್ತಿದ್ದವನು ಸಾಮಾನ್ಯ ಶತ್ರುವಲ್ಲ.

ಚೆನ್ನಮ್ಮಾಜಿ ಬಾಗಿಲು ತೆರೆದಳು. ಕೆಳದಿಯ ಚರಿತ್ರೆಯನ್ನು ನಿರೂಪಿಸುವ, ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೂ ಈ ಆಶ್ರಯವನ್ನು ಅವಳ ಕೀರ್ತಿಯ ಸಂಗತಿಯನ್ನಾಗಿ ಸ್ಮರಿಸುತ್ತದೆ. ಅವಳು ಏನನ್ನು ಕೊಟ್ಟಳು, ಏನನ್ನು ಕೊಡಲಿಲ್ಲ ಎಂಬುದನ್ನೂ ನೋಡಬೇಕು. ರಾಜಾರಾಮನಿಗೆ ಅವಳು ಬಿದನೂರಿನಲ್ಲಿ ಸಿಂಹಾಸನ ಹಾಕಿಸಲಿಲ್ಲ. ತನ್ನ ನೆಲದಿಂದ ಮೊಗಲರ ಮೇಲೆ ಯುದ್ಧ ಹೂಡಲು ಅವನಿಗೆ ಸೈನ್ಯವನ್ನೂ ಒದಗಿಸಲಿಲ್ಲ. ತಂಗಲು ಜಾಗ, ಗುಟ್ಟು, ಮತ್ತು ಮುಂದಿನ ದಾರಿಗೆ ಬೆಂಬಲ, ಇವಿಷ್ಟನ್ನು ಕೊಟ್ಟಳು. ಪ್ರಜೆಗಳ ಹೊಣೆ ಹೊತ್ತ ಅರಸಿಯೊಬ್ಬಳು ತನ್ನ ಶಕ್ತಿಯನ್ನು ಅಳೆದು ಕೊಡಬಲ್ಲಷ್ಟನ್ನು ಕೊಟ್ಟಳು. ಆದರೆ ಕೊಟ್ಟದ್ದನ್ನು ಹಿಂತೆಗೆದುಕೊಳ್ಳಲಿಲ್ಲ.

ಪತ್ರ ಬಂದಾಗ

ಆಶ್ರಯದ ಪರೀಕ್ಷೆ ಅತಿಥಿ ಬಂದ ದಿನ ನಡೆಯುವುದಿಲ್ಲ. ಅವನನ್ನು ಕೇಳಿಕೊಂಡು ಬಲಿಷ್ಠನ ಪತ್ರ ಬಂದ ದಿನ ನಡೆಯುತ್ತದೆ. ರಾಜಾರಾಮನನ್ನು ಒಪ್ಪಿಸಬೇಕೆಂದು ಔರಂಗಜೇಬನು ಬಿದನೂರಿಗೆ ಓಲೆ ಕಳುಹಿಸಿದನೆಂದೂ, ಅಷ್ಟರಲ್ಲಿ ಅತಿಥಿಯನ್ನು ಗಡಿ ದಾಟಿಸಿದ್ದ ರಾಣಿಯು ಅವನು ನಮ್ಮ ರಾಜ್ಯದಲ್ಲಿಲ್ಲವೆಂದು ಉತ್ತರಿಸಿದಳೆಂದೂ ಕನ್ನಡ ನಾಡಿನ ಕಥನಗಳು ಹೇಳುತ್ತವೆ. ಬಾದಶಹನು ಆ ಉತ್ತರದಿಂದ ತೃಪ್ತನಾಗಲಿಲ್ಲ. ಜಾನ್ ನಿಸಾರ್ ಖಾನನೇ ಮೊದಲಾದ ಸರದಾರರೊಡನೆ ಸೈನ್ಯವು ಕೆಳದಿಯ ಮೇಲೆ ಬಂದಿತು.

ಮುಂದೆ ನಡೆದುದನ್ನು ಎರಡು ಕಡೆಯವರು ಎರಡು ಬಗೆಯಾಗಿ ಹೇಳುತ್ತಾರೆ. ಮಲೆನಾಡಿನ ದಟ್ಟ ಕಾಡು, ಕಣಿವೆ, ಮಳೆಗಳ ನಡುವೆ ಮೊಗಲ್ ಸೈನ್ಯ ಸೋತು ಸಂಧಿ ಮಾಡಿಕೊಂಡಿತೆಂದು ಕೆಳದಿಯ ಪರಂಪರೆ ಹಾಡುತ್ತದೆ. ಮರಾಠ ಸೇನಾನಿ ಸಂತಾಜಿ ಘೋರ್ಪಡೆಯು ರಾಣಿಯ ನೆರವಿಗೆ ಧಾವಿಸಿ ಮೊಗಲರನ್ನು ಕಾಡಿದನೆಂದೂ, ಕೊನೆಗೆ ರಾಣಿಯು ಸಣ್ಣ ಮೊತ್ತದ ದಂಡವನ್ನು ತೆರಲು ಒಪ್ಪಿದ ಮೇಲೆ ವ್ಯವಹಾರ ಮುಗಿಯಿತೆಂದೂ ಮೊಗಲರ ಕಡೆಯ ಆಧಾರಗಳಿಂದ ತಿಳಿದುಬರುತ್ತದೆ. ಈ ಎರಡನೆಯ ಮಾತನ್ನು ಕೇಳಿ ನಾವು ಮುಖ ಬಾಡಿಸಿಕೊಳ್ಳಬೇಕಿಲ್ಲ. ದಂಡ ತೆತ್ತದ್ದೇ ನಿಜವಾದರೆ ಚೆನ್ನಮ್ಮಾಜಿಯ ಗೌರವ ಅದರಿಂದ ಕುಂದುವುದಿಲ್ಲ, ಹೆಚ್ಚುತ್ತದೆ. ಆಶ್ರಯವನ್ನು ಬರಿಯ ಮಾತಿನಿಂದ ಕೊಟ್ಟವರು ಬಹಳ ಮಂದಿ. ಅವಳು ಅದರ ಬೆಲೆಯನ್ನು ತನ್ನ ಬೊಕ್ಕಸದಿಂದಲೂ ತನ್ನ ಸೈನಿಕರ ರಕ್ತದಿಂದಲೂ ತೆತ್ತಳು. ಅತಿಥಿಯನ್ನು ಮಾತ್ರ ಒಪ್ಪಿಸಲಿಲ್ಲ.

ಬೆಂಗಳೂರಿನ ಛತ್ರದಲ್ಲಿ

ಕೆಳದಿಯ ಗಡಿ ದಾಟಿದ ಮೇಲೆ ದಾರಿ ಬೆಂಗಳೂರಿನತ್ತ ತಿರುಗಿತು. ಆಗಿನ ಬೆಂಗಳೂರು ಹೇಗಿತ್ತು? ಎರಡೇ ವರ್ಷಗಳ ಹಿಂದೆ, 1687ರಲ್ಲಿ, ಮೊಗಲ್ ಸೇನಾನಿ ಖಾಸಿಂಖಾನನು ಅದನ್ನು ಹಿಡಿದು, ಮೂರು ಲಕ್ಷ ರೂಪಾಯಿಗಳಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಒಪ್ಪಿಸಿದ್ದನು. ಶಿರಾ ಮೊಗಲ್ ಸುಬೆಯ ಮುಖ್ಯಸ್ಥಳವಾಗಿತ್ತು. ದೊಡ್ಡಬಳ್ಳಾಪುರ, ಹೊಸಕೋಟೆಗಳು ಅದರ ಏಳು ಪರಗಣಗಳಲ್ಲಿ ಸೇರಿದ್ದವು. ಅಜ್ಜ ಶಹಾಜಿಯು ಜಹಗೀರುದಾರನಾಗಿ ಆಳಿದ ಸೀಮೆಯಲ್ಲಿ ಮೊಮ್ಮಗನು ಮುಖ ಮುಚ್ಚಿಕೊಂಡು ನಡೆಯಬೇಕಾಗಿತ್ತು.

ಯಾತ್ರಿಕರ ವೇಷಕ್ಕೂ ಈ ಭಾಗದಲ್ಲಿ ಮೊದಲಿನ ಅಭಯವಿರಲಿಲ್ಲವೇನೋ. ಚಿಕ್ಕದೇವರಾಜರ ಆಳ್ವಿಕೆಯಲ್ಲಿ ಹೊಸ ತೆರಿಗೆಗಳ ವಿರುದ್ಧ ರೈತರು ದಂಗೆ ಎದ್ದಾಗ ಜಂಗಮರು ಅವರ ಬೆನ್ನಿಗೆ ನಿಂತರೆಂದೂ, ನಂಜನಗೂಡಿನಲ್ಲಿ ನಾನೂರು ಜಂಗಮರನ್ನು ಕೊಲ್ಲಿಸಿ ಏಳುನೂರಕ್ಕೂ ಹೆಚ್ಚು ಮಠಗಳನ್ನು ನಾಶಮಾಡಲಾಯಿತೆಂದೂ ಕರ್ನಲ್ ಮಾರ್ಕ್ ವಿಲ್ಕ್ಸ್ 1810ರ ಸುಮಾರಿಗೆ ಬರೆದನು. ಈ ವೃತ್ತಾಂತದ ಬಗ್ಗೆ ಅನಂತರದ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಮಲೆನಾಡಿನಲ್ಲಿ ಅಭಯದ ಗುರುತಾಗಿದ್ದ ವಿಭೂತಿಯು ಮೈದಾನದಲ್ಲಿ ಸಂಶಯದ ಗುರುತಾಗಬಹುದಾದ ಕಾಲ ಅದಾಗಿತ್ತೆಂಬುದನ್ನು ಅದು ಸೂಚಿಸುತ್ತದೆ. ಅರಸನಿಗೆ ಎದುರಾಡಿದ ಮತದ ಬಟ್ಟೆಯೇ ಅಪರಾಧವಾಗುವ ಸ್ಥಿತಿ ಎಲ್ಲ ಕಾಲಗಳಲ್ಲಿಯೂ ಬಂದು ಹೋಗಿದೆ.

ಬೆಂಗಳೂರಿನಲ್ಲಿ ನಡೆದುದನ್ನು ಮರಾಠಿ ಬಖರುಗಳು ಹೇಳುವ ಬಗೆ ಹೀಗಿದೆ. ತಂಡವು ಛತ್ರವೊಂದರಲ್ಲಿ ಇಳಿದುಕೊಂಡಿತು. ದಣಿದ ರಾಜಾರಾಮನ ಕಾಲುಗಳನ್ನು ಸೇವಕನೊಬ್ಬನು ತೊಳೆಯುತ್ತಿದ್ದನು. ಬಡ ಯಾತ್ರಿಕನಿಗೆ ಇಂತಹ ಉಪಚಾರವೇ ಎಂದು ಅಲ್ಲಿದ್ದ ಕೆಲವರಿಗೆ ಅನುಮಾನ ಬಂದು, ಅದು ಅಧಿಕಾರಿಗಳ ಕಿವಿಗೆ ಬಿದ್ದಿತು. ಸುಳಿವು ಸಿಕ್ಕೊಡನೆ ರಾಜಾರಾಮನು ಕೆಲವೇ ಮಂದಿಯೊಡನೆ ಬೇರೆ ದಾರಿ ಹಿಡಿದನು. ಖಂಡೋ ಬಲ್ಲಾಳ ಚಿಟ್ನಿಸನೂ ಇತರರೂ ಬೇಕೆಂದೇ ಅಲ್ಲಿಯೇ ಉಳಿದರು. ಅವರನ್ನು ಹಿಡಿದು ಹೊಡೆದು ಹಿಂಸಿಸಿ ಕೇಳಲಾಯಿತು. ‘ನಾವು ಯಾತ್ರಿಕರು’ ಎಂಬ ಒಂದೇ ಮಾತನ್ನು ಅವರು ಕೊನೆಯವರೆಗೂ ಬದಲಿಸಲಿಲ್ಲ. ಬೇಸತ್ತ ಅಧಿಕಾರಿಗಳು ಅವರನ್ನು ಬಿಟ್ಟುಬಿಟ್ಟರು.

ಈ ಪ್ರಸಂಗದಲ್ಲಿ ಬೆಂಗಳೂರಿನ ಅಧಿಕಾರಿಗಳು ದುಷ್ಟರೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಅವರ ನಾಡು ಮೊಗಲರಿಂದ ಊರನ್ನು ಕೊಂಡು, ಅವರ ಸ್ನೇಹದ ಮೇಲೆ ನಿಂತಿತ್ತು. ದೊಡ್ಡ ನೆರೆಯವನನ್ನು ಕೆರಳಿಸದಿರುವುದೇ ಅವರಿಗೆ ರಾಜನೀತಿಯಾಗಿ ಕಂಡಿತು. ಸಣ್ಣ ರಾಜ್ಯಗಳು ಎಲ್ಲ ಕಾಲದಲ್ಲಿಯೂ ಹೇಳುವ ಸಮಾಧಾನ ಇದು. ಕೆಳದಿಯೂ ಸಣ್ಣ ರಾಜ್ಯವೇ ಆಗಿತ್ತೆಂಬುದನ್ನು ಮಾತ್ರ ಈ ಸಮಾಧಾನ ಮರೆಯುತ್ತದೆ.

ರಾಜಾರಾಮನು ಆಂಬೂರು, ವೆಲ್ಲೂರುಗಳ ಮೂಲಕ ನವೆಂಬರ್ ಮೊದಲ ವಾರದೊಳಗೆ ಜಿಂಜಿಯನ್ನು ಸೇರಿದನು. ಮೊಗಲರು ಆ ಕೋಟೆಯನ್ನು 1690ರಿಂದ ಸುಮಾರು ಎಂಟು ವರ್ಷ ಮುತ್ತಿದರು. 1698ರಲ್ಲಿ ಕೋಟೆ ಬಿದ್ದಾಗ ರಾಜಾರಾಮನು ಅಲ್ಲಿಂದಲೂ ಪಾರಾಗಿ ತನ್ನ ನಾಡಿಗೆ ಮರಳಿ, 1700ರ ಮಾರ್ಚಿಯಲ್ಲಿ ಸಿಂಹಗಡದಲ್ಲಿ ತೀರಿಕೊಂಡನು. ಬೆಂಗಳೂರನ್ನು ಮಾರಿದ ಖಾಸಿಂಖಾನನು 1695ರಲ್ಲಿ ಚಿತ್ರದುರ್ಗ ಸೀಮೆಯ ದೊಡ್ಡೇರಿಯಲ್ಲಿ ಸಂತಾಜಿಯ ಮುತ್ತಿಗೆಗೆ ಸಿಲುಕಿ ಮಡಿದನು.

ಅತ್ತಲಿನ ದೇಶಭ್ರಷ್ಟ

ದೇಶಭ್ರಷ್ಟತೆಯು ಒಂದೇ ಪಕ್ಷದವರ ಹಣೆಬರಹವಲ್ಲ. ಬೆನ್ನಟ್ಟಿದ ಔರಂಗಜೇಬನ ಮಗ ಅಕ್ಬರನೇ 1681ರಲ್ಲಿ ತಂದೆಯ ವಿರುದ್ಧ ಬಂಡೆದ್ದು, ದುರ್ಗಾದಾಸ ರಾಠೋಡನೊಡನೆ ಸಂಭಾಜಿಯ ರಾಜ್ಯಕ್ಕೆ ಓಡಿಬಂದಿದ್ದನು. ಸಂಭಾಜಿಯು ಅವನಿಗೆ ಪಾಲಿಯ ಬಳಿ ವಸತಿ ಕೊಟ್ಟನಾದರೂ ಮುಖಾಮುಖಿ ಭೇಟಿಗೆ ತಿಂಗಳುಗಳೇ ಹಿಡಿದವು. ಸಂಭಾಜಿಯ ಆಸ್ಥಾನದ ಪಿತೂರಿಗಾರರು ಈ ಅತಿಥಿಯನ್ನೇ ದಾಳವಾಗಿಸಿಕೊಳ್ಳಲು ನೋಡಿದರು. ಅಕ್ಬರನು ಆ ಪಿತೂರಿಯನ್ನು ಸಂಭಾಜಿಗೆ ತಿಳಿಸಿ ಅನ್ನದ ಋಣ ತೀರಿಸಿದನು. ಉತ್ತರಕ್ಕೆ ದಂಡೆತ್ತಿ ಹೋಗುವ ಅವನ ಆಸೆ ಮಾತ್ರ ಈಡೇರಲಿಲ್ಲ. 1687ರಲ್ಲಿ ಅವನು ಹಡಗು ಹತ್ತಿ ಪರ್ಷಿಯಾಕ್ಕೆ ಹೊರಟನು. ದಾರಿಯಲ್ಲಿ ಮಸ್ಕತ್ತಿನ ಇಮಾಮನು ಹಣಕ್ಕಾಗಿ ಅವನನ್ನು ತಂದೆಗೆ ಒಪ್ಪಿಸುವ ಚೌಕಾಸಿ ನಡೆಸಿದನು. ಪರ್ಷಿಯಾದ ಷಾ ಅದನ್ನು ತಡೆದು ತನ್ನ ಆಸ್ಥಾನಕ್ಕೆ ಕರೆಸಿಕೊಂಡನು. ಗೌರವದಿಂದ ಇಟ್ಟುಕೊಂಡನಾದರೂ ತಂದೆಯ ಮೇಲೆ ಯುದ್ಧಕ್ಕೆ ಸೈನ್ಯ ಕೊಡಲಿಲ್ಲ. ಅಕ್ಬರನು ತಂದೆಗಿಂತ ಮೊದಲೇ ಅಲ್ಲಿಯೇ ಕಣ್ಮುಚ್ಚಿದನು.

ದೇಶಭ್ರಷ್ಟನಿಗೆ ನೆರೆನಾಡುಗಳು ಮಾಡುವ ಎಲ್ಲ ಬಗೆಯ ಉಪಚಾರಗಳೂ ಈ ಒಂದೇ ದಶಕದಲ್ಲಿ ಕಾಣಿಸಿಕೊಂಡಿವೆ. ಒಬ್ಬನು ಅವನನ್ನು ಸರಕಾಗಿ ಕಂಡು ಮಾರಲು ಹೊರಡುತ್ತಾನೆ. ಒಬ್ಬನು ಅವನನ್ನು ತನ್ನ ಶತ್ರುವಿನ ಮೇಲೆ ಬಳಸಬಹುದಾದ ಆಯುಧವೆಂದು ಎಣಿಸುತ್ತಾನೆ. ಒಬ್ಬನು ಬಂಗಾರದ ಪಂಜರದಲ್ಲಿಟ್ಟು ಸಾಕುತ್ತಾನೆ. ಒಬ್ಬನು ಹೊಡೆದು ಬಾಯಿ ಬಿಡಿಸಲು ಯತ್ನಿಸುತ್ತಾನೆ. ಅವನನ್ನು ಮನುಷ್ಯನೆಂದು ಕಂಡು, ಅವನ ಅಪಾಯದಲ್ಲಿ ತಾನೂ ಒಂದು ಪಾಲನ್ನು ಹೊತ್ತುಕೊಳ್ಳುವವರು ವಿರಳ.

ಋಣದ ಮರುಪಾವತಿ

ಚರಿತ್ರೆಯ ಚಕ್ರ ತಿರುಗಿತು. 1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯನ್ನು ತಿಂಗಳುಗಟ್ಟಲೆ ಮುತ್ತಿ ಗೆದ್ದಾಗ, ಅಂದಿನ ಪಾಳೆಯಗಾರನು ಚಿಕ್ಕಬಳ್ಳಾಪುರದ ದಾಯಾದಿಗಳ ಆಸರೆಗೆ ತೆರಳಿದನು. ವಲಸೆ ಬಂದು ನಾಡು ಕಟ್ಟಿದ ಆವತಿ ವಂಶದವರು ಮತ್ತೆ ವಲಸಿಗರಾದರು. ಆ ಮುತ್ತಿಗೆಯಲ್ಲಿ ಹೆಸರು ಪಡೆದ ಹೈದರಾಲಿಯೇ 1763ರಲ್ಲಿ ಬಿದನೂರನ್ನು ಗೆದ್ದನು. ಕೆಳದಿಯ ಕೊನೆಯ ರಾಣಿ ವೀರಮ್ಮಾಜಿಯು ಸೆರೆಯಾಗಿ ಮಧುಗಿರಿಯ ಬೆಟ್ಟದ ಕೋಟೆಯಲ್ಲಿ ಬಂಧಿಯಾದಳು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಮಧುಗಿರಿಯನ್ನು ಹಿಡಿದು ಅವಳನ್ನು ಬಿಡುಗಡೆಗೊಳಿಸಿತು. ಪುಣೆಗೆ ಕರೆದೊಯ್ಯುವ ದಾರಿಯಲ್ಲಿಯೇ ಅವಳು ಲಿಂಗೈಕ್ಯಳಾದಳು. ಕೆಳದಿಯ ರಾಣಿಯೊಬ್ಬಳು ಮರಾಠರ ಅರಸನಿಗೆ ದಾರಿ ಕೊಟ್ಟ 78 ವರ್ಷಗಳ ಮೇಲೆ, ಮರಾಠರ ಸೈನ್ಯವು ಕೆಳದಿಯ ರಾಣಿಯ ಸೆರೆಮನೆಯ ಬಾಗಿಲು ತೆರೆಯಿತು. ಮಾಧವರಾಯನಿಗೆ ತನ್ನ ರಾಜಕೀಯ ಕಾರಣಗಳಿದ್ದವು, ನಿಜ. ಆದರೂ ಇಂದು ಆಶ್ರಯ ಕೊಡುವ ಮನೆಯೇ ನಾಳೆ ಆಶ್ರಯ ಬೇಡುವ ಮನೆಯಾಗಬಹುದೆಂಬ ಪಾಠ ಇದರಲ್ಲಿದೆ.

ನಮ್ಮ ಕಾಲದ ಪ್ರಶ್ನೆ

ಅರಸರ ಕಾಲ ಕಳೆದರೂ ಬೆನ್ನಟ್ಟುವವರ ಪತ್ರಗಳು ನಿಂತಿಲ್ಲ. 1951ರ ನಿರಾಶ್ರಿತರ ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆಯ 33ನೆಯ ವಿಧಿಯು, ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ನಾಡಿಗೆ ನಿರಾಶ್ರಿತನನ್ನು ಹಿಂದಟ್ಟಕೂಡದೆಂದು ವಿಧಿಸುತ್ತದೆ. ಭಾರತವು ಆ ಒಡಂಬಡಿಕೆಗೆ ಸಹಿ ಮಾಡಿಲ್ಲ. ಆದರೂ 1959ರ ಮಾರ್ಚಿಯಲ್ಲಿ ಲ್ಹಾಸಾದಿಂದ ಹೊರಟ ದಲೈ ಲಾಮಾ ಅವರಿಗೂ ಅವರ ಹಿಂದೆ ಬಂದ ಸಾವಿರಾರು ತಿಬ್ಬತಿಯರಿಗೂ ಭಾರತ ನೆಲೆ ಕೊಟ್ಟಿತು. ಅಂದಿನ ಮೈಸೂರು ರಾಜ್ಯವು 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರಿಗೆ ಭೂಮಿ ನೀಡಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ವಸತಿಗಳಾದವು. ಈ ಕಾರ್ಯದಲ್ಲಿ ಎಸ್. ನಿಜಲಿಂಗಪ್ಪನವರು ತೋರಿದ ಔದಾರ್ಯವನ್ನು ದಲೈ ಲಾಮಾ ಅವರು ಅನೇಕ ಬಾರಿ ಕೃತಜ್ಞತೆಯಿಂದ ನೆನೆದಿದ್ದಾರೆ. ಕಾಡು ಕಡಿದು ಜೋಳ ಬೆಳೆದ ಆ ಜನರು ಸೆರಾ, ಡ್ರೆಪುಂಗ್, ಗಾಂಡೆನ್ ಎಂಬ ತಮ್ಮ ಮಹಾವಿಹಾರಗಳನ್ನು ಕನ್ನಡದ ನೆಲದಲ್ಲಿ ಮತ್ತೆ ಕಟ್ಟಿದರು.

ಇದೇ ತಿಬ್ಬತಿಯರ ವಿಷಯದಲ್ಲಿ ನೇಪಾಳದ ನಡೆಯು 1689ರ ಎರಡೂ ಉತ್ತರಗಳನ್ನು ನೆನಪಿಸುತ್ತದೆ. 1989ರ ನಂತರ ಹೊಸದಾಗಿ ಬಂದವರಿಗೆ ಅಲ್ಲಿ ನೆಲೆಸಲು ಅನುಮತಿ ನಿಂತಿತಾದರೂ, ವಿಶ್ವಸಂಸ್ಥೆಯ ನೆರವಿನಿಂದ ಭಾರತಕ್ಕೆ ದಾಟಿಹೋಗಲು ಬಹುಕಾಲ ದಾರಿ ಬಿಡಲಾಯಿತು. ಅದು ಕೆಳದಿಯ ಉತ್ತರದ ಒಂದು ಛಾಯೆ. 2003ರ ಮೇ ತಿಂಗಳಿನಲ್ಲಿ ಹದಿನೆಂಟು ಮಂದಿ ತಿಬ್ಬತಿಯರನ್ನು ಹಿಡಿದು ಚೀನಾಕ್ಕೆ ಒಪ್ಪಿಸಲಾಯಿತು. ಅದು ಬಲಿಷ್ಠ ನೆರೆಯವನ ಪತ್ರಕ್ಕೆ ತಲೆಬಾಗಿದ ಉತ್ತರ. ಒಂದೇ ನಾಡು ಒಂದು ಕಾಲಕ್ಕೆ ಒಂದರಂತೆ ಎರಡೂ ಉತ್ತರಗಳನ್ನು ಕೊಡಬಲ್ಲುದು. ಯಾವ ನಾಡೂ ಹುಟ್ಟಿನಿಂದಲೇ ದಯಾಳುವಲ್ಲ, ಕ್ರೂರಿಯೂ ಅಲ್ಲ. ಪ್ರತಿ ಬಾರಿಯೂ ಯಾರೋ ಒಬ್ಬರು ತೀರ್ಮಾನಿಸಬೇಕಾಗುತ್ತದೆ.

ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ, ಸಂವಿಧಾನದ 21ನೆಯ ವಿಧಿಯ ಜೀವರಕ್ಷಣೆಯು ಪ್ರಜೆಗಳಿಗೆ ಮಾತ್ರವಲ್ಲ, ಈ ನೆಲದಲ್ಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಸಲ್ಲುತ್ತದೆಂದು ಸಾರಿತು. ಶರಣರು ಅನುಭವದಿಂದ ಕಂಡುಕೊಂಡದ್ದನ್ನು ಸಂವಿಧಾನವು ಕಾನೂನಿನ ಮಾತಿನಲ್ಲಿ ಹೇಳಿದೆ.

ಸದ್ಭಕ್ತರೇ, ಆಶ್ರಯ ಕೊಡುವವರು ಬಂದವನ ಎಲ್ಲ ವಿಚಾರಗಳನ್ನೂ ಒಪ್ಪಬೇಕಾಗಿಲ್ಲ. ಚೆನ್ನಮ್ಮಾಜಿ ಬಸರೂರಿನ ಸೂರೆಯನ್ನು ಮರೆತಿರಲಾರಳು. ಕೊಡುವುದಕ್ಕೆ ಮಿತಿಯೂ ಇರಬಹುದು. ಅವಳೂ ಮಿತಿಯರಿತೇ ಕೊಟ್ಟಳು. ಆದರೆ ಒಮ್ಮೆ ಬಾಗಿಲೊಳಗೆ ಬಂದವನನ್ನು ಭಯಕ್ಕಾಗಲಿ ಲಾಭಕ್ಕಾಗಲಿ ಅವನ ಕೊಲೆಗಾರರ ಕೈಗೆ ಕೊಡಬಾರದೆಂಬ ಒಂದು ಗೆರೆಯನ್ನು ಅವಳು ದಾಟಲಿಲ್ಲ. ನಮ್ಮ ದಾಸೋಹದ ಮನೆಗಳಲ್ಲಿ ಇಂದಿಗೂ ಒಲೆ ಉರಿಯುತ್ತಿದೆ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲದ ಸುತ್ತ ದೂರದ ನಾಡುಗಳಿಂದ ದುಡಿಯಲು ಬಂದವರೂ, ಊರು ಬಿಟ್ಟು ಬರಲೇಬೇಕಾಗಿ ಬಂದವರೂ ನಮ್ಮ ನಡುವೆಯೇ ಇದ್ದಾರೆ. ಪಂಕ್ತಿಯಲ್ಲಿ ಕುಳಿತ ಅಪರಿಚಿತನ ಹೆಸರು, ಊರು, ಕಾರಣಗಳನ್ನು ಕೇಳುವ ಮೊದಲು ಅವನ ಎಲೆಗೆ ಅನ್ನ ಬಡಿಸೋಣ. ಅವನನ್ನು ಹುಡುಕಿಕೊಂಡು ಯಾರಾದರೂ ಬಂದರೆ, ನಾವು ಯಾರ ಮಕ್ಕಳೆಂಬುದನ್ನು ಆಗ ನೆನೆಯೋಣ.